ಕೈ ಇಲ್ಲಿ, ಮನಸ್ಸು ಎಲ್ಲಿ?



ಇವತ್ತು ನಾವು ಮನಸ್ಸಿನ ಬಗ್ಗೆ ನಾಲ್ಕು ಮಾತಾಡುವ. ಎಲ್ಲರೂ ಸ್ಲೇಟು ತೆಗೆಯಿರಿ. 'ಚಿಂತೆ' ಅಂತ ಬರೆಯಿರಿ. ನಡುವಿನ ಸೊನ್ನೆ ಒರೆಸಿ. ಏನು ಉಳಿಯಿತು? 'ಚಿತೆ'. ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿದವರನ್ನು ಸುಡುತ್ತದೆ. ಹಿರಿಯರ ಈ ಮಾತು ಸುಳ್ಳಲ್ಲ.

ನಮಗೆ ಚಿಂತೆ ಒಂದಾ, ಎರಡಾ? ಕಾಪು ಬಳಿಯ ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವವರಿಗೆ ದರದ ಚಿಂತೆ. ಇವತ್ತು ಅಟ್ಟೆಗೆ ಸಿಕ್ಕಿದ ದರ ನಾಳೆ ಇಲ್ಲ. ಕಾರ್ಕಳದ ಕಡೆ ಬೀಡಿ ಕಟ್ಟುವವರಿಗೆ ಲೆಕ್ಕ ತುಂಬಿಸುವ ಚಿಂತೆ. ಉಡುಪಿಯ ಮಲ್ಪೆಯಲ್ಲಿ ಮೀನು ಮಾರುವವರಿಗೆ ಮಳೆಗಾಲದ ಚಿಂತೆ. ಜೂನ್, ಜುಲೈ ತಿಂಗಳಲ್ಲಿ ಯಂತ್ರದ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮನೆ ಖರ್ಚು ಮಾತ್ರ ನಿಲ್ಲುವುದಿಲ್ಲ.

ಕೈ ಹೂ ಕಟ್ಟುತ್ತಾ ಇರುತ್ತದೆ. ಮನಸ್ಸು ಸಾಲದ ಕಂತಿನ ಹಿಂದೆ ಓಡುತ್ತದೆ. ನಿನ್ನೆ ಯಾರೋ ಆಡಿದ ಮಾತನ್ನು ಮತ್ತೆ ಮತ್ತೆ ಅಗಿಯುತ್ತದೆ. ಆಗ ಎದೆ ಡವಡವ ಅನ್ನುತ್ತದೆ. ಉಸಿರು ಗಿಡ್ಡ ಆಗುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಮಕ್ಕಳ ಮೇಲೆ ಸಿಟ್ಟು.

ಇದಕ್ಕೆ ಒಂದು ಅಭ್ಯಾಸ ಉಂಟು. ಓಡುವ ಮನಸ್ಸನ್ನು ಈಗ ಮಾಡುತ್ತಿರುವ ಕೆಲಸಕ್ಕೆ ಮೆಲ್ಲ ಕರೆದು ತರುವುದು. ಉಸಿರನ್ನು ಗಮನಿಸುವ ಈ ದಾರಿಯನ್ನು ಬುದ್ಧನ ಕಾಲದಿಂದಲೂ ಕಲಿಸುತ್ತಾ ಬಂದಿದ್ದಾರೆ. 1979ರಲ್ಲಿ ಅಮೆರಿಕದ ಜಾನ್ ಕಬಾಟ್ ಜಿನ್ ಎಂಬವರು ಇದನ್ನು ಆಸ್ಪತ್ರೆಗೆ ತಂದರು. ಬಹಳ ಕಾಲದ ನೋವು ಇದ್ದವರಿಗೆ ಕಲಿಸಿದರು. ಇಂಗ್ಲಿಷಿನಲ್ಲಿ ಇದಕ್ಕೆ ಮೈಂಡ್‌ಫುಲ್‌ನೆಸ್ ಅಂತಾರೆ. ನಾವು 'ಗಮನ' ಅಂತ ಕರೆಯುವ. ಯಾವ ಜಾತಿ, ಯಾವ ಧರ್ಮದವರೂ ಮಾಡಬಹುದು. ಕಾಸು ಖರ್ಚಿಲ್ಲ.

ಇದು ನಿಮಗೆ ಹೊಸತಲ್ಲ. ಮೊದಲ ದಿನ 'ಅ' ಬರೆದದ್ದು ನೆನಪುಂಟಾ? ಕಣ್ಣು ಬಳಪದ ತುದಿಯಲ್ಲಿ. ಮನಸ್ಸೂ ಅಲ್ಲೇ. ಆ ಹೊತ್ತು ಸಾಲ, ಜಗಳ ಯಾವುದೂ ನೆನಪಿಗೆ ಬರಲಿಲ್ಲ. ಅದೇ ಗಮನ.

ಈಗ ಮಾಡಿ ನೋಡುವ. ನೆಟ್ಟಗೆ ಕೂತುಕೊಳ್ಳಿ. ಉಸಿರು ಒಳಗೆ ಹೋಗುವುದನ್ನು ಗಮನಿಸಿ. ಹೊರಗೆ ಬಿಡುವಾಗ ನಿಧಾನ ಬಿಡಿ. ನಿಧಾನ ಬಿಟ್ಟರೆ ಎದೆಬಡಿತ ತಗ್ಗುತ್ತದೆ. ಹೀಗೆ ಹತ್ತು ಉಸಿರು ಎಣಿಸಿ. ಮನಸ್ಸು ಮೂರಕ್ಕೇ ಓಡಿತಾ? ಓಡಲಿ. ಬೈಯಬೇಡಿ. ತೋಟಕ್ಕೆ ನುಗ್ಗಿದ ಕರುವನ್ನು ಹಿಡಿದು ತರುವ ಹಾಗೆ ತನ್ನಿ. ಮತ್ತೆ ಒಂದರಿಂದ ಎಣಿಸಿ. ಓಡುವುದು ತಪ್ಪಲ್ಲ. ತಿರುಗಿ ಕರೆದು ತರುವುದೇ ಅಭ್ಯಾಸ.

ಪುರುಸೊತ್ತು ಎಲ್ಲುಂಟು ಅಂತೀರಾ? ಬೇರೆ ಪುರುಸೊತ್ತು ಬೇಡ. ಪಾತ್ರೆ ತೊಳೆಯುವಾಗ ನೀರಿನ ತಂಪು ಗಮನಿಸಿ. ಹೂ ಕಟ್ಟುವಾಗ ಬೆರಳಿಗೆ ತಾಗುವ ಬಾಳೆ ನಾರು ಗಮನಿಸಿ. ಗಂಜಿ ಉಣ್ಣುವಾಗ ಮೊದಲ ನಾಲ್ಕು ತುತ್ತಿನ ರುಚಿ ನೋಡಿ. ಮಗು ಹಾಲು ಚೆಲ್ಲಿತಾ? ಕೈ ಎತ್ತುವ ಮೊದಲು ಮೂರು ಉಸಿರು.

ಒಂದು ಮಾತು ಸರಿಯಾಗಿ ಕೇಳಿ. ಉಸಿರು ಎಣಿಸಿದರೆ ಸಾಲ ತೀರುವುದಿಲ್ಲ. ಹೂವಿನ ದರ ಏರುವುದಿಲ್ಲ. ಆದರೆ ತಲೆ ತಣ್ಣಗಿದ್ದರೆ ಲೆಕ್ಕ ಕೇಳಲು, ದಾರಿ ಹುಡುಕಲು ಬಲ ಬರುತ್ತದೆ. ಗಮನ ಅಂದರೆ ಎಲ್ಲವನ್ನೂ ಸಹಿಸಿಕೊಂಡು ಇರುವುದೂ ಅಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಕಣ್ಣು ಮುಚ್ಚಿ ಕೂರಬೇಡಿ. 181ಕ್ಕೆ ಫೋನ್ ಮಾಡಿ. ಅದು ಮಹಿಳೆಯರ ಸಹಾಯವಾಣಿ.

ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ಊಟ ನಿದ್ದೆ ಬೇಡವಾದರೆ, ಉಸಿರು ಎಣಿಸಿದರೆ ಸಾಲದು. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ಮನಸ್ಸಿಗೂ ಕಾಯಿಲೆ ಬರುತ್ತದೆ. ಅದಕ್ಕೂ ಮದ್ದು ಉಂಟು. ಉಡುಪಿಯ ಜಿಲ್ಲಾಸ್ಪತ್ರೆಗೆ ಹೋಗಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲೂ ಮನೋರೋಗ ವಿಭಾಗ ಉಂಟು. ಹೋಗಲು ಆಗದವರು 14416ಕ್ಕೆ ಫೋನ್ ಮಾಡಿ. ಸರಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಅದು. ದುಡ್ಡು ಕೊಡಬೇಕಾಗಿಲ್ಲ. ಹಗಲು ರಾತ್ರಿ ಯಾವಾಗಲೂ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು. 'ಮರ್ಲು ಅಂತಾರೆ' ಎಂದು ಹೆದರಬೇಡಿ. ಜ್ವರ ಬಂದರೆ ನಾಚಿಕೆ ಪಡುತ್ತೇವಾ?

ಈಗ ನಮಗೆ ಅಂಕೆ ಬರೆಯಲು ಬರುತ್ತದೆ. ಈ ಎರಡು ನಂಬರನ್ನು ನಿಮ್ಮ ಕೈಯಿಂದಲೇ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಪಕ್ಕದ ಮನೆಯವರಿಗೂ ಒಂದು ಬರೆದು ಕೊಡಿ.