ಕೋಡ್ ಯಂತ್ರ ಬರೀತೈತಿ, ಗಿರಾಕಿನ್ನ ನಾವ ಹುಡುಕಬೇಕು

(ಮುಚ್ಚಂಡಿಯಲ್ಲಿ ಗಡಿಭಾಗದ ಯುವಕ-ಯುವತಿಯರ ಮುಂದೆ ಆಡಿದ ಮಾತು)

 

ಈಗ ನಾವು ಎಲ್ಲಿ ಹೋದರೂ ಹುಡುಗರು ಒಂದೇ ಪ್ರಶ್ನೆ ಕೇಳ್ತಾರ. "ಅಣ್ಣಾರ, ಎಐ ಬಂದೈತಿ. ಇನ್ನ ಕಂಪ್ಯೂಟರ್ ಕಲ್ತು ಏನು ಮಾಡೂದು? ಪುಣೆದಾಗ ನೌಕರಿ ಸಿಗ್ತೈತೇನು?"

ಈ ಅಂಜಿಕೆ ಸುಳ್ಳಲ್ಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಹೊಸದಾಗಿ ಸೇರಿದವರ ಕೈಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡಿಂಗ್ ಕೆಲಸವನ್ನು ಇವತ್ತು ಯಂತ್ರವೇ ಮಾಡುತ್ತಿದೆ. ಆದರೆ ಇದೇ ಮಾತನ್ನು ತಿರುವಿ ಹಾಕಿ ನೋಡ್ರಿ. ಕೋಡ್ ಬರೆಯೋದು ಅಗ್ಗ ಆಯ್ತು ಅಂದ್ರ, ಒಂದು ಲ್ಯಾಪ್‌ಟಾಪ್ ಇಟ್ಕೊಂಡು ಇಬ್ಬರು ಗೆಳೆಯರು ಇಲ್ಲೇ ಕೂತು ಸಾಫ್ಟ್‌ವೇರ್ ಮಾಡಬಹುದು ಅಂತಾನೂ ಆಯ್ತು. ಹಂಗಾದ್ರ ಈಗ ತುಟ್ಟಿ ಆಗಿರೋದು ಯಾವುದು? ಯಾರಿಗೆ ಏನು ಬೇಕು ಅನ್ನೋ ತಿಳಿವಳಿಕೆ. ಅದು ನಮ್ಮ ಹತ್ರ ಐತಿ.

ಒಂದು ಉದಾಹರಣೆ ಕೊಡ್ತೀವಿ. ದ್ರಾಕ್ಷಿ ತೋಟದ ಮಾಲೀಕನಿಗೆ ಔಷಧ ಹೊಡೆದ ಲೆಕ್ಕ ಇಡಬೇಕು. ಯುರೋಪಿಗೆ ಹಣ್ಣು ಕಳಿಸಬೇಕಂದ್ರ ಅಪೀಡಾದ ಗ್ರೇಪ್‌ನೆಟ್‌ನಲ್ಲಿ ತೋಟ ನೋಂದಣಿ ಆಗಬೇಕು. ಯಾವ ದಿನ ಯಾವ ಔಷಧ ಹೊಡೆದ್ರಿ ಅನ್ನೋ ದಾಖಲೆಯೂ ಬೇಕು. ಔಷಧ ಹೊಡೆಯುವ ಆಳು ಕನ್ನಡದವ. ಅಂಗಡಿಯ ಬಿಲ್ಲು ಮರಾಠಿಯಲ್ಲಿ. ಖರೀದಿದಾರ ಕೇಳುವ ಕಾಗದ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಮಾತಾಡಿದರೆ ಮೂರೂ ಭಾಷೆಯಲ್ಲಿ ದಾಖಲೆ ತಯಾರಾಗುವ ಸಣ್ಣ ಆ್ಯಪ್ ಇದ್ದರೆ ರೈತ ರೊಕ್ಕ ಕೊಡ್ತಾನ.

ಎಐಗೆ ಹೇಳಿದರೆ ಆ್ಯಪ್ ಬರೆದು ಕೊಡುತ್ತದೆ. ಆದರೆ ಇಲ್ಲೊಂದು ಕುಣಿ ಐತಿ. ಔಷಧದ ಪ್ರಮಾಣವನ್ನು ಹೆಕ್ಟರ್ ಲೆಕ್ಕದಲ್ಲಿ ಹೇಳಿರುತ್ತಾರೆ. ನಮ್ಮ 7/12 ಉತಾರದಲ್ಲೂ ಹೆಕ್ಟರ್-ಆರ್. ನಮ್ಮ ಅಪ್ಪ, ಕಾಕಾ ಮಾತಾಡೋದು ಎಕರೆ-ಗುಂಟೆಯಲ್ಲಿ. ಒಂದು ಹೆಕ್ಟರ್ ಅಂದರೆ ಸುಮಾರು ಎರಡೂವರೆ ಎಕರೆ. ಹೆಕ್ಟರಿಗೆ 500 ಮಿಲಿ ಅಂತಿದ್ದರೆ ಎಕರೆಗೆ ಬೇಕಾಗೋದು 200 ಮಿಲಿ ಅಷ್ಟೇ. ಯಂತ್ರ ಇವೆರಡನ್ನೂ ಕಲಸಿಬಿಟ್ಟರೆ ಬೆಳೆ ಸುಡ್ತೈತಿ, ಇಲ್ಲಾ ಪರೀಕ್ಷೆಯಲ್ಲಿ ಔಷಧದ ಅಂಶ ಸಿಕ್ಕು ಇಡೀ ಮಾಲು ತಿರಸ್ಕಾರ ಆಗ್ತೈತಿ. ರೈತನ ವರ್ಷದ ದುಡಿಮೆ ಹೋಯ್ತು. ಆ ತಪ್ಪನ್ನು ನೋಡಿದ ಕೂಡಲೇ ಹಿಡಿಯುವವರು ಯಾರು? ಅಪ್ಪನ ಜೊತೆ ಪಂಪು ಹಿಡಿದು ತೋಟದಾಗ ಓಡಾಡಿದ ಮಗ, ಮಗಳು. ಯಂತ್ರ ಬರೆದದ್ದನ್ನು ಪರೀಕ್ಷೆ ಮಾಡಿ, "ಇದು ಸರಿ ಐತಿ, ನಮ್ಮ ಜವಾಬ್ದಾರಿ" ಅಂತ ಹೇಳೋದೇ ಇನ್ನು ಮುಂದಿನ ಧಂದೆ. ಅದಕ್ಕೇ ಕೋಡಿಂಗ್ ಕಲಿಯೋದನ್ನ ಬಿಡಬ್ಯಾಡ್ರಿ. ಕಲಿಯದವ ತಪ್ಪು ಹಿಡಿಯಲಾರ.

ಬಂಡವಾಳ ಎಲ್ಲಿಂದ ತರೋದು ಅಂತೀರಿ. ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ, ಇದೇ ಮಹಾರಾಷ್ಟ್ರದ ಪುಣೆಯಲ್ಲಿ. ನಾರಾಯಣ ಮೂರ್ತಿ ಸೇರಿ ಏಳು ಮಂದಿ. ಸುಧಾ ಮೂರ್ತಿ ಕೊಟ್ಟ 10,000 ರೂಪಾಯಿ. ಸ್ವಂತ ಕಂಪ್ಯೂಟರ್ ಬಂದದ್ದು 1983ರಲ್ಲಿ. ಅಂದರೆ ಗಿರಾಕಿ ಮೊದಲು, ಯಂತ್ರ ಆಮೇಲೆ. ಶೇಷಾದ್ರಿ ವಾಸು ಅವರು 1998ರಲ್ಲಿ 'ಬರಹ' ತಂದರು. ಕನ್ನಡ ಟೈಪ್ ಮಾಡೋದು ಕಷ್ಟ ಇದ್ದ ಕಾಲದಲ್ಲಿ ಒಂದೇ ಒಂದು ತೊಡಕನ್ನು ಬಿಡಿಸಿದರು. ಲಕ್ಷಾಂತರ ಕನ್ನಡಿಗರು ಅದರಲ್ಲೇ ಬರೆದರು. ಜೋಹೋ ಕಂಪನಿ ತಮಿಳುನಾಡಿನ ತೆಂಕಾಶಿಯ ಹಳ್ಳಿಯಲ್ಲಿ ಕಚೇರಿ ಇಟ್ಟು ಜಗತ್ತಿಗೆ ಸಾಫ್ಟ್‌ವೇರ್ ಮಾರುತ್ತಿದೆ. ಹಳ್ಳಿ ಅನ್ನೋದು ಅಡ್ಡಿ ಅಲ್ಲ.

ಶುರು ಹೆಂಗ ಮಾಡಬೇಕು? ಮೊದಲು ಕಂಪನಿಗೆ ಹೆಸರು ಹುಡುಕಬ್ಯಾಡ್ರಿ, ಲೋಗೋ ಮಾಡಿಸಬ್ಯಾಡ್ರಿ. ಔಷಧದ ಅಂಗಡಿ, ಮನೂಕ ವ್ಯಾಪಾರಿ, ಕಬ್ಬು ಕಡಿಯುವ ಟೋಳಿಯ ಮುಕಾದಮ, ಇಂಥವರ ಹತ್ತಿರ ಒಂದು ವಾರ ಕೂಡ್ರಿ. ಅವರ ವಹಿ ನೋಡ್ರಿ. ಎಲ್ಲಿ ಲೆಕ್ಕ ತಪ್ಪತೈತಿ, ಎಲ್ಲಿ ಜಗಳ ಆಗ್ತೈತಿ ಕೇಳ್ರಿ. ಒಬ್ಬನಿಗೆ ಮಾಡಿ ಕೊಡ್ರಿ, ಸಣ್ಣದಾದರೂ ರೊಕ್ಕ ತಗೋರಿ. ಪುಕ್ಕಟೆ ಕೊಟ್ಟರೆ ಹೊಗಳ್ತಾರ, ಆದರೆ ಬಳಸೋದಿಲ್ಲ. ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ, ಏಜಂಟರಿಗೆ ದುಡ್ಡು ಕೊಡಬ್ಯಾಡ್ರಿ. ಸೇವೆಯ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಗಡಿ ದಾಟಿ ವಿಜಯಪುರದ ಗಿರಾಕಿಗೆ ಸೇವೆ ಕೊಟ್ಟರೂ ಇದೇ ಮಿತಿ. ಹೊಲ ಒತ್ತಿ ಇಟ್ಟು ಸಾಲ ಮಾತ್ರ ತೆಗೀಬ್ಯಾಡ್ರಿ.

ಇನ್ನೊಂದು ಮಾತು. ರೈತರ ಆಧಾರ್ ನಂಬರ್, ಬ್ಯಾಂಕ್ ಖಾತೆ ಇವನ್ನೆಲ್ಲ ಎಐ ಮುಂದೆ ಸುರಿಯಬ್ಯಾಡ್ರಿ. 2023ರಲ್ಲಿ ಇದಕ್ಕೊಂದು ಕಾಯ್ದೆಯೇ ಬಂದೈತಿ. ಕಾಯ್ದೆಗಿಂತ ದೊಡ್ಡದು ಊರಿನ ನಂಬಿಕೆ. ಒಮ್ಮೆ ಹೋದರೆ ತಿರುಗಿ ಬರೂದಿಲ್ಲ.

ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಎರಡರ ನಡುವೆ ನಾವು ಹಿಂದೆ ಬಿದ್ದಿವಿ ಅಂತ ಎಷ್ಟೋ ಮಂದಿ ಕುಗ್ಗಿದ್ದೀರಿ. ಎರಡೂ ಕಡೆ ಮಾತಾಡಬಲ್ಲವನಿಗೆ ಎರಡೂ ಪೇಟೆ ತೆರೆದಾವ, ಜತ್ತೂ ನಮ್ಮದು, ವಿಜಯಪುರವೂ ನಮ್ಮದು. ಕನ್ನಡ ಶಾಲೆಯಲ್ಲಿ ಕಲಿತವರು ನಾಚಬೇಕಿಲ್ಲ. ನಾಳೆ ಮುಂಜಾನೆ ಒಂದು ಅಂಗಡಿಗೆ ಹೋಗಿ ಕೇಳ್ರಿ: "ಕಾಕಾ, ನಿಮಗ ದಿನಾ ತಲೆಬ್ಯಾನಿ ಕೊಡೋ ಲೆಕ್ಕ ಯಾವುದು?" ಧಂದೆ ಅಲ್ಲಿಂದ ಶುರು.