ಹಳೆಯ ಕ್ಯಾಮರಾಕ್ಕೆ ಹೊಸ ಬಿಂಬಗಾಜು



ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಅಚ್ಚು ಹಾಕಿಸಿದರು. ಗುಡಿಯ ನೆರಳಿನಲ್ಲಿರುವ ಕಲ್ಲುಗಳ ಮಾತು ಬೇರೆ. ಬಯಲಿನಲ್ಲಿ ನಿಂತ ಕಲ್ಲಿನ ಅಕ್ಷರ ಬಿಸಿಲು ಮಳೆಗೆ ಸವೆಯುತ್ತಲೇ ಇರುತ್ತದೆ. ಅದರ ಚಿತ್ರ ತೆಗೆಯಲು ಹೊರಟವರು ತುಸು ಮಂಕಾದ ಚಿತ್ರವನ್ನು ತಂದರೆ ಮುಂದೆ ಓದುವವನಿಗೆ ದಕಾರ ಯಾವುದು, ಧಕಾರ ಯಾವುದು ಎಂಬುದೇ ತಿಳಿಯದೆ ಹೋಗುತ್ತದೆ.

ಇಂಥ ಕೆಲಸಕ್ಕೆ ತಂದೆಯವರ ಕಾಲದ ಎರಡು ಕಣ್ಣಿನ ಕ್ಯಾಮರಾವನ್ನು ಬೀರುವಿನಿಂದ ಹೊರತೆಗೆಯುವವರು ಈಗಲೂ ಇದ್ದಾರೆ. ಜರ್ಮನಿಯ ರೋಲಿಫ್ಲೆಕ್ಸ್ 1929ರಲ್ಲಿ ಬಂದಿತು, ಜಪಾನಿನ ಯಾಷಿಕಾ-ಮ್ಯಾಟ್ 1957ರಲ್ಲಿ. 120ನೆಯ ಅಳತೆಯ ಫಿಲ್ಮು ಈಗಲೂ ತಯಾರಾಗುತ್ತಿದೆ. ಒಂದು ಸುರುಳಿಗೆ ಹನ್ನೆರಡು ಚಿತ್ರ. ಕ್ಯಾಮರಾದ ನೆತ್ತಿಯ ಮುಚ್ಚಳ ತೆರೆದರೆ ಒಳಗೆ ಒಂದು ಚದರ ಗಾಜು ಕಾಣುತ್ತದೆ. ಸ್ಟುಡಿಯೋದವರು ಅದನ್ನು ಗ್ರೌಂಡ್ ಗ್ಲಾಸ್ ಎನ್ನುತ್ತಾರೆ. ಬಿಂಬ ಮೂಡುವ ಗಾಜಾದ್ದರಿಂದ ಬಿಂಬಗಾಜು ಎಂದರೆ ನನ್ನ ಕಿವಿಗೆ ಹಿತವಾಗಿದೆ. ಫೋಕಸ್ಸಿಗೆ ಪಾಠಪುಸ್ತಕದವರು ‘ನಾಭಿ’ ಎಂದಿದ್ದಾರೆ. ಆದರೆ ನಾಭಿ ಸರಿಮಾಡು ಎಂದರೆ ಯಾವ ಹುಡುಗನಿಗೂ ಅರ್ಥವಾಗುವುದಿಲ್ಲ, ಫೋಕಸ್ಸೇ ಇರಲಿ.

ಬಿಂಬಗಾಜು ಮಬ್ಬಾಗಿದೆ, ಹೊಸದು ಬೇಕು ಎನ್ನುವವರು ಮೊದಲು ಅದರ ಕೆಳಗಿನ ಕನ್ನಡಿಯನ್ನು ನೋಡಬೇಕು. ಮೇಲಿನ ಮಸೂರದಿಂದ ಬಂದ ಬೆಳಕು ಓರೆಯಾಗಿಟ್ಟ ಈ ಕನ್ನಡಿಗೆ ಬಡಿದು ಮೇಲೇರಿ ಗಾಜಿನ ಮೇಲೆ ಚಿತ್ರವಾಗುತ್ತದೆ. ಕನ್ನಡಿಯ ಲೇಪ ಹಿಂಬದಿಯಲ್ಲಿಲ್ಲ, ಮುಂಬದಿಯಲ್ಲಿದೆ. ದಶಕಗಳ ತೇವಕ್ಕೆ ಅದು ಕಪ್ಪಿಟ್ಟಿದ್ದರೆ ಎಂಥ ಗಾಜು ಹಾಕಿದರೂ ಫಲವಿಲ್ಲ. ಬಟ್ಟೆಯಿಂದ ಉಜ್ಜಿದರೆ ಇದ್ದ ಲೇಪವೂ ಹೋಗುತ್ತದೆ. ಧೂಳನ್ನು ಊದುಬುರುಡೆಯಿಂದ ಊದಬೇಕು, ಅಷ್ಟೆ. ಮನೆಯ ಕನ್ನಡಿಯನ್ನು ಕತ್ತರಿಸಿ ಕೂರಿಸುವ ಜಾಣತನ ಬೇಡ. ಅದರಲ್ಲಿ ಬಿಂಬ ಎರಡೆರಡಾಗುತ್ತದೆ, ಬೆಳಕಿನ ದಾರಿಯ ಅಳತೆಯೂ ಕೆಡುತ್ತದೆ.

ಕನ್ನಡಿ ಚೆನ್ನಾಗಿದ್ದು ಗಾಜೇ ಗೀರುಬಿದ್ದು ಹಾಳಾಗಿದೆ ಎನ್ನೋಣ. ಬರಿಯ ಮಸುಕುಗಾಜಿನಲ್ಲಿ ನಡುವೆ ಬೆಳಕು, ಮೂಲೆಗಳಲ್ಲಿ ಕತ್ತಲೆ. ಈ ಕತ್ತಲೆಯನ್ನು ನೀಗುವುದು ಫ್ರೆನೆಲ್ ಮಸೂರ. ದೀಪಸ್ತಂಭದ ಬೆಳಕು ದೂರದ ಹಡಗಿಗೆ ಕಾಣಲೆಂದು ಫ್ರಾನ್ಸಿನ ಫ್ರೆನೆಲ್ ಎಂಬಾತ 1820ರ ದಶಕದಲ್ಲಿ ರೂಪಿಸಿದ ಮಸೂರದ ಚಿಕ್ಕ ರೂಪ ಅದು. ಬಳೆ ಬಳೆಯಾಗಿ ಗೆರೆ ಕೊರೆದ ತೆಳ್ಳನೆಯ ಹಾಳೆ. 1826ರಲ್ಲಿ ಕಟ್ಟಿದ ಚಾಮರಾಜೇಶ್ವರ ದೇವಾಲಯದಂಥ ಗುಡಿಯ ಒಳಗೆ, ಅನುಮತಿ ಪಡೆದು, ಕಂಬಗಳ ಸಾಲನ್ನು ಚಿತ್ರಿಸುವವರಿಗೆ ಅದು ಬೇಕೇ ಬೇಕು.

ನಡುವೆ ಬಿಂಬವನ್ನು ಎರಡು ಹೋಳಾಗಿ ಸೀಳಿ ತೋರಿಸುವ ಗಾಜೂ ಉಂಟು. ಫೋಕಸ್ ಕೂಡಿದಾಗ ಹೋಳುಗಳು ಒಂದಾಗುತ್ತವೆ. ಚಾಳೀಸು ಬಂದ ಕಣ್ಣಿಗೆ ಇದು ದೊಡ್ಡ ಉಪಕಾರ. ಮದುವೆಮನೆಯಲ್ಲಿ, ಜಾತ್ರೆಯಲ್ಲಿ ಮನುಷ್ಯರ ಚಿತ್ರ ತೆಗೆಯುವವರು ಇದನ್ನೇ ಕೊಳ್ಳಲಿ. ಶಾಸನಕ್ಕೆ ಮಾತ್ರ ನಾನು ಇದನ್ನು ಒಪ್ಪುವುದಿಲ್ಲ. ಹೋಳು ಕೂಡಿತೆಂದು ತಿಳಿಯಲು ನೆಟ್ಟಗಿನ ಗೆರೆ ಬೇಕು. ನಾಗರಿ ಲಿಪಿಯಲ್ಲಾದರೆ ಅಕ್ಷರಕ್ಕೊಂದು ಕಂಬವಿದೆ. ನಮ್ಮ ಕನ್ನಡದ ಅಕ್ಷರವೋ ದುಂಡು! ಅಲ್ಲದೆ ಆ ಸೀಳುಬಿಲ್ಲೆ ನಟ್ಟನಡುವೆ ಕುಳಿತು ಓದಬೇಕಾದ ಅಕ್ಷರವನ್ನೇ ಮರೆಮಾಡುತ್ತದೆ.

ಮಾಲೆಯೂರಿನ ಕನಕಗಿರಿಯಲ್ಲಾಗಲಿ, ತೆರಕಣಾಂಬಿಯಲ್ಲಾಗಲಿ ಕಲ್ಲಿನ ಮುಂದೆ ಕ್ಯಾಮರಾ ನಿಲ್ಲಿಸುವವರಿಗೆ ನಾನು ಹೇಳುವುದು ಇದು: ನಡುವೆ ಏನೂ ಇಲ್ಲದ ನಯವಾದ ಮಸುಕುಗಾಜು, ಅದರೊಂದಿಗೆ ಫ್ರೆನೆಲ್, ಮೇಲೆ ಚೌಕುಳಿಯ ಗೆರೆಗಳು. ಕಲ್ಲಿನ ಅಂಚನ್ನು ಚೌಕುಳಿಗೆ ಹೊಂದಿಸಿದರೆ ಕ್ಯಾಮರಾ ಕಲ್ಲಿಗೆ ನೇರವಾಗಿದೆಯೋ ಓರೆಯಾಗಿದೆಯೋ ಗೊತ್ತಾಗುತ್ತದೆ. ಓರೆಯಾದರೆ ಮೇಲಿನ ಸಾಲು ಸ್ಪಷ್ಟ, ಕೆಳಗಿನದು ಮಂಕು. ಅತಿ ಪ್ರಕಾಶದ ಗಾಜಿಗೆ ಮರುಳಾಗಬಾರದು. ಗಾಜು ತೀರ ತಿಳಿಯಾದಷ್ಟೂ ನಮ್ಮ ಕಣ್ಣು ತಾನೇ ಹೊಂದಿಕೊಂಡು, ಮಂಕಾದದ್ದನ್ನೂ ಸ್ಪಷ್ಟವೆಂದು ನಂಬಿಸಿಬಿಡುತ್ತದೆ.

ಇನ್ನು ಕೂರಿಸುವ ಮಾತು. ಕೆಳಗಿನ ಮಸೂರದಿಂದ ಫಿಲ್ಮಿಗೆ ಎಷ್ಟು ದೂರವೋ, ಮೇಲಿನದರಿಂದ ಕನ್ನಡಿಯ ಮೂಲಕ ಗಾಜಿನ ಮಸುಕುಮುಖಕ್ಕೂ ಅಷ್ಟೇ ದೂರವಿರಬೇಕು. ಮಸೂರ 75 ಮಿಲಿಮೀಟರಿನದಾಗಿ ಕಲ್ಲು ಮೂರು ಮೀಟರು ದೂರದಲ್ಲಿದ್ದರೆ, ಇಲ್ಲಿ ಕಾಲು ಮಿಲಿಮೀಟರು ತಪ್ಪಿದರೂ ಫೋಕಸ್ ಅಲ್ಲಿ ಒಂದಡಿಗೂ ಮಿಕ್ಕಿ ಹಿಂದೆಮುಂದೆ ಬೀಳುತ್ತದೆ. ಆದಕಾರಣ ಹಳೆಯ ಗಾಜನ್ನು ತೆಗೆಯುವಾಗ ಯಾವ ಮುಖ ಕೆಳಗಿತ್ತು, ಅಡಿಯಲ್ಲಿ ತೆಳು ತಗಡಿನ ಚೂರೇನಾದರೂ ಇತ್ತೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಬೇರೆ ಕ್ಯಾಮರಾದ ಗಾಜನ್ನು ಅಳತೆಗೆ ಕತ್ತರಿಸಿ ಹಾಕುವವರು ಇದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು.

ಪರೀಕ್ಷೆ ಸುಲಭ. ಫಿಲ್ಮು ಹಾಕದೆ ಹಿಂಬಾಗಿಲು ತೆರೆದು, ಫಿಲ್ಮು ಒರಗುವ ಪಟ್ಟಿಗಳ ಮೇಲೆ ಟ್ರೇಸಿಂಗ್ ಕಾಗದವನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಅಂಟಿಸಿ. ಕ್ಯಾಮರಾವನ್ನು ಮುಕ್ಕಾಲಿಯ ಮೇಲಿಟ್ಟು, ಮಸೂರದ ಕಂಡಿಯನ್ನು ಪೂರ್ತಿ ತೆರೆದು, ಷಟರನ್ನು ‘ಬಿ’ಯಲ್ಲಿ ಹಿಡಿದು, ಒಂದು ಮೀಟರು ದೂರದಲ್ಲಿ ಗೋಡೆಗೆ ಹಚ್ಚಿದ ವೃತ್ತಪತ್ರಿಕೆಯ ಪುಟಕ್ಕೆ ಮೇಲಿನ ಗಾಜಿನಲ್ಲಿ ಫೋಕಸ್ ಮಾಡಿ. ಅನಂತರ ಭೂತಗನ್ನಡಿಯಿಂದ ಹಿಂದಿನ ಕಾಗದವನ್ನು ನೋಡಿ. ಎರಡೂ ಕಡೆ ಅಕ್ಷರ ಒಂದೇ ಗಳಿಗೆಗೆ ತೀಕ್ಷ್ಣವಾಗಬೇಕು. ಗುಂಡ್ಲುಪೇಟೆಯವರು ದೂರದ ಗೋಪಾಲಸ್ವಾಮಿ ಬೆಟ್ಟದ ಅಂಚನ್ನು ಇಟ್ಟುಕೊಂಡು ದೂರದ ಫೋಕಸ್ಸನ್ನೂ ನೋಡಬಹುದು, ಮಂಜಿಲ್ಲದ ದಿನ. ಎರಡೂ ಹೊಂದಿದ ಮೇಲೆಯೇ ಮುಚ್ಚಳದ ಸ್ಕ್ರೂಗಳನ್ನು ಕೊನೆಯದಾಗಿ ಬಿಗಿ ಮಾಡಿ, ಫಿಲ್ಮು ತುಂಬಿ. ಶಾಸನದ ಬಳಿಗೆ ಹೋಗುವುದು ಬೆಳಗಿನ ಓರೆಬಿಸಿಲಿನಲ್ಲಾಗಲಿ. ಆಗ ಅಕ್ಷರದ ಅಂಚಿಗೆ ನೆರಳು ಬಿದ್ದು, ಗಾಜಿನ ಮೇಲೆ ಫೋಕಸ್ ಹಿಡಿಯುವುದು ಹಗುರಾಗುತ್ತದೆ. ಸುಣ್ಣದ ಪುಡಿಯನ್ನು ಮಾತ್ರ ಕಲ್ಲಿಗೆ ಬಳಿಯಬೇಡಿ.