ಹಳೆಯ ಕಾರಿಗೆ ಹೊಸ ರೂಪ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಅವರು ಇಂದು ಇದ್ದಿದ್ದರೆ ‘ಹಳೆಯ ಕಾರು ಕೊಂಡು ನೋಡು’ ಎಂದೂ ಸೇರಿಸುತ್ತಿದ್ದರೇನೋ. ಹಳೆಯ ಸಣ್ಣ ಕಾರೊಂದನ್ನು ಕಡಿಮೆ ಬೆಲೆಗೆ ಕೊಂಡು, ಚಕ್ರ ಬದಲಿಸಿ, ಬಣ್ಣ ಬಳಿಸಿ, ತಮ್ಮ ಮನಸ್ಸಿಗೆ ಒಪ್ಪುವಂತೆ ತಿದ್ದಿಕೊಳ್ಳುವುದು ಈಗ ಅನೇಕ ತರುಣರ ಹವ್ಯಾಸವಾಗಿದೆ. ಹೊಸದಾಗಿ ಸಂಬಳ ಎಣಿಸುವ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ಈ ಮಾತು ಒಂದು ದಿನ ನಿಮ್ಮ ಜಗಲಿಗೂ ಬಂದೀತು. ನಮ್ಮ ಮನೆಗೆ ಅದನ್ನು ತಂದವನು ನನ್ನ ತಂಗಿಯ ಮಗ. “ಮಾವ, ಒಂದು ಲಕ್ಷದ ಇಪ್ಪತ್ತು ಸಾವಿರ ಕೂಡಿಸಿದ್ದೇನೆ, ನೀವು ಜೊತೆಗೆ ಬಂದು ನೋಡಿ” ಎಂದ. ಆಗ ಕಲಿತದ್ದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಹಿಂಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಗಿಡ್ಡ ಕಾರನ್ನು ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ನಮ್ಮ ದೇಶದ ಮಧ್ಯಮ ವರ್ಗಕ್ಕೆ ಅದನ್ನು ಪರಿಚಯ ಮಾಡಿಕೊಟ್ಟದ್ದು 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800. ಅದರದು ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್. ಅದರ ತಯಾರಿಕೆ 2014ರಲ್ಲಿ ನಿಂತಿತು. 1993ರಲ್ಲಿ ಬಂದ ಝೆನ್‌ಗೆ ನಾಲ್ಕು ಸಿಲಿಂಡರಿನ 993 ಸಿ.ಸಿ. ಎಂಜಿನ್ ಇತ್ತು, ಆ ಮೊದಲ ರೂಪದ ಝೆನ್ 2006ರವರೆಗೆ ನಡೆಯಿತು. ಇವು ಹಗುರವಾದ, ಸರಳವಾದ ಯಂತ್ರಗಳು. ಸಣ್ಣ ಊರಿನ ಮೇಸ್ತ್ರಿಗೂ ಇವುಗಳ ಪರಿಚಯವುಂಟು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ಬಿಡಿಭಾಗಗಳೂ ಸಿಗುತ್ತವೆ. ಹವ್ಯಾಸಿಗಳು ಇವನ್ನು ಅರಸಿಕೊಂಡು ಹೋಗುವುದು ಇದಕ್ಕಾಗಿಯೇ.

ಆದರೆ ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆ ಹಳೆಯ ಕಾರಿಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪಲಾರದು. ನಾವು ನೋಡಿದ ಮೊದಲನೆಯ ಕಾರು ಕೆಂಪು ಬಣ್ಣದಲ್ಲಿ ಮಿರುಗುತ್ತಿತ್ತು. ಹುಡುಗ ಮನಸೋತು ಎರಡು ಸಾವಿರ ಮುಂಗಡ ಕೊಟ್ಟೇಬಿಟ್ಟ. ಆಮೇಲೆ ಸಾವಧಾನವಾಗಿ ನೋಡಿದರೆ, ಕಾರಿನ ಮೈಮೇಲೆ ಕೊರೆದಿದ್ದ ಚಾಸಿಸ್ ಸಂಖ್ಯೆಗೂ ನೋಂದಣಿ ಪುಸ್ತಕದ ಸಂಖ್ಯೆಗೂ ಎರಡು ಅಂಕಿಗಳ ವ್ಯತ್ಯಾಸ! ಮಾರುವವನು “ಬರೆಯುವಾಗ ತಪ್ಪಾಗಿದೆ” ಎಂದು ನಕ್ಕ. ಮುಂಗಡ ಹೋದರೆ ಹೋಗಲಿ ಎಂದು ನಾವು ಹಿಂದಿರುಗಿದೆವು. ಹಣ ಮರಳಿ ಬರಲಿಲ್ಲ; ಬುದ್ಧಿ ಬಂತು.

ಆದ್ದರಿಂದ ಮೊದಲು ಕಾಗದ, ಆಮೇಲೆ ಕಾರು. ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ನೀವೇ ಓದಿ ತಾಳೆ ನೋಡಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ವಾಹನವನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಅವಧಿ ಎಷ್ಟು ಉಳಿದಿದೆ ಎಂದು ಕೇಳಿ. ಕೊಂಡ ಮೇಲೆ 30 ದಿನಗಳೊಳಗೆ ನಿಮ್ಮ ಹೆಸರಿಗೆ ವರ್ಗ ಮಾಡಿಸಲು ಅರ್ಜಿ ಕೊಡಿ.

ಕಾರನ್ನು ಬೆಳಗಿನ ಹೊತ್ತು, ಎಂಜಿನ್ ತಣ್ಣಗಿರುವಾಗ ನೋಡಬೇಕು. ಹೊಗೆ ನೀಲಿಯಾಗಿದ್ದರೆ ಎಂಜಿನ್ ಎಣ್ಣೆ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಕಾಲಡಿಯ ಹಾಸು ಎತ್ತಿ, ಬಾಗಿಲುಗಳ ಕೆಳ ಅಂಚು, ಹೆಚ್ಚುವರಿ ಚಕ್ರ ಇಡುವ ಗುಂಡಿ, ಇವೆಲ್ಲ ತುಕ್ಕು ಹಿಡಿದಿವೆಯೇ ನೋಡಿ. ಸಣ್ಣ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಬಣ್ಣದ ಕೆಳಗೆ ತಗಡಿಗೆ ಬದಲಾಗಿ ಪಟ್ಟಿ ಮೆತ್ತಿದ್ದರೆ ಅದು ಅಲ್ಲಿ ಅಂಟುವುದಿಲ್ಲ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ ಅದು 2019ರ 23ನೆಯ ವಾರ ತಯಾರಾದದ್ದು. ಸವೆಯದೆ ಕಂಡರೂ ರಬ್ಬರಿಗೆ ಮುಪ್ಪು ಬಂದಿರುತ್ತದೆ.

ಇನ್ನು ಮಾರ್ಪಾಡಿನ ಮಾತು. ನಾನು ಕನ್ನಡದ ಮೇಷ್ಟ್ರಾದುದರಿಂದ ನನಗೆ ತಿಳಿದ ದಾರಿಯಲ್ಲೇ ಹೇಳುತ್ತೇನೆ. ಕನ್ನಡದ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಕಾರಿನ ಮಾರ್ಪಾಡೂ ಮೂರೇ ಬಗೆ: ಇದ್ದುದನ್ನು ತೆಗೆಯುವುದು, ಇಲ್ಲದ್ದನ್ನು ಸೇರಿಸುವುದು, ಒಂದರ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸುವುದು. ಲೋಪಕ್ಕೆ ವ್ಯಾಕರಣ ಒಂದು ಕಟ್ಟಳೆ ಇಟ್ಟಿದೆ: ಅರ್ಥ ಕೆಡಬಾರದು. ಊರು, ಅಲ್ಲಿ ಎಂಬವು ಸೇರಿ ‘ಊರಲ್ಲಿ’ ಆದೀತು; ಮನೆ, ಅಲ್ಲಿ ಸೇರುವಾಗ ‘ಮನಲ್ಲಿ’ ಎಂದರೆ ಮನೆಯೇ ಹೋಯಿತು. ಕಾರಿನ ಅರ್ಥವೆಂದರೆ ಹೊರಟವರನ್ನು ಕ್ಷೇಮವಾಗಿ ಮನೆಗೆ ತಲುಪಿಸುವುದು. ಗಿಡ್ಡಗೆ ಕಾಣಲೆಂದು ಸ್ಪ್ರಿಂಗು ಕತ್ತರಿಸುವುದು, ಗುಡುಗಲೆಂದು ಸೈಲೆನ್ಸರ್ ಕಿತ್ತುಹಾಕುವುದು, ಇವು ಅರ್ಥ ಕೆಡಿಸುವ ಲೋಪಗಳು. ಅಳತೆ ಮೀರಿದ ಟಯರು ಕೆಟ್ಟ ಆದೇಶ: ಅದು ತಿರುವಿನಲ್ಲಿ ಮೈಗೆ ಉಜ್ಜುತ್ತದೆ, ವೇಗದ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪುಸ್ತಕದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆವಾಸವನ್ನೋ, ಎರಡನ್ನೂ ಸೇರಿಸಿಯೋ ವಿಧಿಸಬಹುದು. ಎಂಜಿನ್ ಬದಲಿಸುವುದಿದ್ದರೆ ಮೊದಲು ಸಾರಿಗೆ ಕಛೇರಿಯ ಒಪ್ಪಿಗೆ ಪಡೆಯಿರಿ. ಬಣ್ಣ ಬದಲಿಸಿದರೆ ನೋಂದಣಿ ಪುಸ್ತಕದಲ್ಲಿ ನಮೂದಿಸಿಕೊಳ್ಳಿ. ವಿಮೆಯವರಿಗೆ ತಿಳಿಸುವುದನ್ನೂ ಮರೆಯದಿರಿ.

ಹಣದ ವಿಷಯದಲ್ಲಿ ನನ್ನ ಸಲಹೆ ಇಷ್ಟೆ. ಕೂಡಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಾರಿನ ಬೆಲೆಗೆ ಕೊಡಬೇಡಿ. ಮಿಕ್ಕದ್ದರಲ್ಲಿ ಮೊದಲ ಪಾಲು ಬ್ರೇಕು, ಟಯರು, ಸ್ಟಿಯರಿಂಗುಗಳಿಗೆ, ಮತ್ತು ಎಂಜಿನ್ನಿನ ಟೈಮಿಂಗ್ ಬೆಲ್ಟಿಗೆ. ಉಳಿದರೆ ಅಲಂಕಾರಕ್ಕೆ.

ನಮ್ಮ ಹುಡುಗ ಕೊನೆಗೆ 2004ರ ಝೆನ್ ಒಂದನ್ನು ಐವತ್ತೈದು ಸಾವಿರಕ್ಕೆ ಕೊಂಡ. ತುಕ್ಕು ತೆಗೆಸಿ, ಬ್ರೇಕು ಪೂರ್ತಿ ಹೊಸದು ಮಾಡಿಸುವ ಹೊತ್ತಿಗೆ ಅವನ ಅರ್ಧ ಕನಸು ಖರ್ಚಾಗಿತ್ತು. ಎರಡು ತಿಂಗಳು ಮುಖ ಗಂಟು ಹಾಕಿಕೊಂಡೇ ಇದ್ದ. ಆಮೇಲೆ ಸರಿಯಾದ ಅಳತೆಯ ಅಲಾಯ್ ಚಕ್ರ ಹಾಕಿಸಿ, ಸೀಟುಗಳನ್ನು ಹೊಲಿಸಿ, ಮೊದಲಿದ್ದ ಬಣ್ಣವನ್ನೇ ಹೊಸದಾಗಿ ಬಳಿಸಿದ. ಮೊದಲ ಪ್ರಯಾಣ ತಾಯಿಯನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ. ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಶಿರಾಡಿ ಘಾಟಿಯ ಇಳಿಜಾರಿನಲ್ಲಿ ತಿರುವಿನಿಂದ ಲಾರಿಯೊಂದು ತಟ್ಟನೆ ಎದುರಾಯಿತು. ಕಾರು ಓಲಾಡದೆ ನೆಟ್ಟಗೆ ನಿಂತಿತು.

ಸ್ವಲ್ಪ ದೂರ ಹೋದ ಮೇಲೆ ತಂಗಿ ಕೇಳಿದಳು: “ಇಷ್ಟು ಹಣ ಸುರಿದು ಏನು ಮಾಡಿಸಿದೆಯೋ ಇದಕ್ಕೆ?”

“ನಿಲ್ಲಿಸಿದ ಕಡೆ ನಿಲ್ಲುವ ಹಾಗೆ ಮಾಡಿಸಿದೆ, ಅಮ್ಮ” ಎಂದ.